ಸೈಕಾಲಜಿ ಓದದೆ ಹೆಲ್ಪ್‌ಲೈನ್‌ನಲ್ಲಿ ಕೂರಬಹುದಾ?
ಡೊಂಬಿವಲಿಯಲ್ಲಿದ್ದೇನೆ, ಓದಿದ್ದು ಬಿ.ಕಾಂ., ಆತ್ಮಹತ್ಯೆ ತಡೆಯುವ ಹೆಲ್ಪ್‌ಲೈನ್‌ಗೆ ಸೇರಿಸಿಕೊಳ್ತಾರಾ ಅಂತ ಕೇಳಿದ್ದೀರಲ್ಲ. ಸೇರಿಸಿಕೊಳ್ಳುತ್ತಾರೆ, ಆದರೆ ಎಲ್ಲ ಕಡೆ ಅಲ್ಲ. ಟಿಸ್‌ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಶಿಯಲ್ ಸೈನ್ಸಸ್) ನಡೆಸುವ ಐಕಾಲ್ ಹೆಲ್ಪ್‌ಲೈನ್‌ನಲ್ಲಿ ಫೋನ್ ಎತ್ತುವವರು ಅದನ್ನೇ ಓದಿದ ಕೌನ್ಸೆಲರ್‌ಗಳು. ಮುಂಬೈನ ಸಮಾರಿಟನ್ಸ್, ಪುಣೆಯ ಕನೆಕ್ಟಿಂಗ್ ನಡೆಯುವುದು ಸ್ವಯಂಸೇವಕರಿಂದ, ಆದರೆ ಮೊದಲು ಅವರ ತರಬೇತಿ ಮುಗಿಸಬೇಕು.

ಕಷ್ಟ ಇರುವುದು ಸುಮ್ನೆ ಕೇಳಿಸಿಕೊಳ್ಳುವುದರಲ್ಲಿ. "ಎಲ್ಲ ಸರಿಹೋಗುತ್ತೆ ಬಿಡಿ" ಅನ್ನುವ ನಮ್ಮ ಮಾಮೂಲಿ ಸಮಾಧಾನ ಅಲ್ಲಿ ನಡೆಯುವುದಿಲ್ಲ, ಸಾಯಬೇಕು ಅನಿಸ್ತಿದೆಯಾ ಅಂತ ನೇರವಾಗಿಯೇ ಕೇಳಬೇಕಾಗುತ್ತದೆ, ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಬರೀ ತಪ್ಪು ನಂಬಿಕೆ.

ಅಲ್ಲಿ ಫೋನಲ್ಲಿ ಮಾತಾಡೋಕೆ ನಿಮಗೆ ಹಿಂದಿ, ಮರಾಠಿ ಚೆನ್ನಾಗಿ ಬರುತ್ತೆ ಅಲ್ವಾ? ಕನ್ನಡದಲ್ಲೇ ಮಾತಾಡಬೇಕು ಅನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಹೆಲ್ಪ್‌ಲೈನ್ ಟೆಲಿ ಮಾನಸ್ ಇದೆ, 14416, ದಿನದ 24 ಗಂಟೆಯೂ. ಇನ್ನೊಂದು, ಇತ್ತೀಚೆಗೆ ನಿಮ್ಮವರನ್ನೇ ಆತ್ಮಹತ್ಯೆಯಿಂದ ಕಳೆದುಕೊಂಡಿದ್ದರೆ ಅದನ್ನು ಹೆಲ್ಪ್‌ಲೈನ್‌ನವರಿಗೆ ಮೊದಲೇ ಹೇಳಿಬಿಡಿ, ಸ್ವಲ್ಪ ಕಾಯಿರಿ ಅಂದರೆ ಬೇಜಾರಾಗಬೇಡಿ.