ಆಟಿ ಕಳೆದ ಮೇಲೆ ಸ್ಯಾಕ್ಸೋಫೋನ್ ಕೀ ಅಂಟಿಕೊಂಡರೆ ಏನು ಮಾಡಬೇಕು?

ಆಟಿಯ ಮಳೆ ತಿಂಗಳು ಪೂರ್ತಿ ಪೆಟ್ಟಿಗೆಯಲ್ಲಿದ್ದ ಆಲ್ಟೊ ಸ್ಯಾಕ್ಸೋಫೋನ್ ಹೊರಗೆ ತೆಗೆದರೆ ಜಿ ಶಾರ್ಪ್ ಸ್ವರದ ಕೀ ಏಳುತ್ತಿಲ್ಲ, ಕೆಳಗಿನ ಸ್ವರಗಳಾದ ಬಿ, ಬಿ ಫ್ಲಾಟ್ ಗೊರಗೊರ ಅನ್ನುತ್ತಿವೆ, ಸ್ಪ್ರಿಂಗ್ ಬಗ್ಗಿಸಿ ಬಿಗಿ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಉಡುಪಿ ಕಡೆ ಮದುವೆ, ಭೂತಕೋಲಗಳಿಗೆ ನುಡಿಸುವವನು. ಒಮ್ಮೆ ಹಾಗೆ ಬಗ್ಗಿಸಲು ಹೋಗಿ ತುಕ್ಕು ಹಿಡಿದಿದ್ದ ಸ್ಪ್ರಿಂಗ್ ಟಕ್ ಅಂತ ಮುರಿಯಿತು. ಮುಹೂರ್ತಕ್ಕೆ ಎರಡು ಗಂಟೆ ಬಾಕಿ. ರಬ್ಬರ್ ಬ್ಯಾಂಡ್ ಕಟ್ಟಿ ಮದುವೆ ಮುಗಿಸಿದೆ.

ಜಿ ಶಾರ್ಪ್ ತೂತಿನ ಮುಚ್ಚಳದಂತಿರುವ ಪ್ಯಾಡ್, ಕೀ ಒತ್ತದಿದ್ದಾಗ ಸದಾ ಮುಚ್ಚಿರುತ್ತದೆ. ಮುಚ್ಚಿ ಹಿಡಿಯುವ ಸ್ಪ್ರಿಂಗ್ ಜೋರು, ನೀವು ಕೀ ಒತ್ತಿದಾಗ ಪ್ಯಾಡ್ ಎತ್ತುವ ಸ್ಪ್ರಿಂಗ್ ಬಡಪಾಯಿ. ಎಂಜಲು, ತೇವ, ಧೂಳು ಸೇರಿ ಚರ್ಮದ ಪ್ಯಾಡ್ ಸ್ವಲ್ಪ ಅಂಟಿದರೂ ಅದು ಸೋಲುತ್ತದೆ. ಈ ವಾದ್ಯ ಕಂಡುಹಿಡಿದು 1846ರಲ್ಲಿ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್ ನಮ್ಮ ಆಟಿ ಮಳೆ ನೋಡಿದವನಲ್ಲ ಅಲ್ವಾ!

ಪ್ಯಾಡನ್ನು ಬೆರಳಿಂದ ಮೆಲ್ಲ ಎತ್ತಿ. ಇಯರ್ ಬಡ್‌ಗೆ ಸಿಗರೇಟ್ ಲೈಟರಿಗೆ ತುಂಬುವ ದ್ರವ ಸ್ವಲ್ಪ ಹಚ್ಚಿ, ಪ್ಯಾಡನ್ನೂ ತೂತಿನ ಅಂಚನ್ನೂ ಒರೆಸಿ. ದೀಪ, ಒಲೆ ಹತ್ತಿರ ಬೇಡ. ಆಮೇಲೆ ತೆಳು ಕಾಗದ ಇಟ್ಟು ಒತ್ತಿ ತೇವ ಹೀರಿಸಿ. ಪ್ಯಾಡ್ ಮುಚ್ಚಿರುವಾಗ ಕಾಗದ ಎಳೆಯಬೇಡಿ, ಚರ್ಮ ಹರಿಯುತ್ತದೆ. ಪೌಡರ್ ಹಾಕಿದರೆ ಅವತ್ತಿಗೆ ಸರಿ, ವಾರ ಬಿಟ್ಟು ಜಾಸ್ತಿ ಅಂಟು.

ಗೊರಗೊರ ಬೇರೆ ಕಥೆ. ಕೆಳಗಿನ ಸಿ ಸರಿಯಾಗಿ ಬರುತ್ತದಾ? ಬಂದರೆ ಹೀಗೆ ನೋಡಿ. ಬಲಗೈಯ ತೋರುಬೆರಳಿನ ಎಫ್ ಕೀ ಒತ್ತಿ ಹಿಡಿದು, ಎಡಗೈ ಕಿರುಬೆರಳಲ್ಲಿ ಜಿ ಶಾರ್ಪ್ ಒತ್ತಿ. ಪ್ಯಾಡ್ ಕೂದಲೆಳೆಯಷ್ಟೂ ಏಳಬಾರದು. ಎದ್ದರೆ ಅದನ್ನು ಒತ್ತಿ ಹಿಡಿಯಬೇಕಾದ, ಅದರ ಮೇಲಿನ ಪುಟ್ಟ ಸ್ಕ್ರೂ ಸಡಿಲವಾಗಿದೆ. ಬಿ, ಬಿ ಫ್ಲಾಟ್ ಒತ್ತುವಾಗ ಜಿ ಶಾರ್ಪ್ ಕೀಯೂ ಜೊತೆಗೆ ಒತ್ತಿಕೊಳ್ಳುವುದರಿಂದ ಗಾಳಿ ಅಲ್ಲೇ ಸೋರುತ್ತದೆ. ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಮತ್ತೆ ನೋಡಿ. ಜಾಸ್ತಿ ಬಿಗಿಸಿದರೆ, ಎಫ್ ಕೀ ಒತ್ತಿದಾಗ ಜೊತೆಗೇ ಮುಚ್ಚಬೇಕಾದ ಎಫ್ ಶಾರ್ಪ್ ಪ್ಯಾಡ್ ಪೂರ್ತಿ ಮುಚ್ಚುವುದಿಲ್ಲ.

ಅಷ್ಟಕ್ಕೂ ಸರಿಯಾಗದಿದ್ದರೆ ಬ್ಯಾಟರಿಯ ಎಲ್‌ಇಡಿ ಮಾಲೆ ಒಳಗೆ ಇಳಿಸಿ, ಕತ್ತಲೆ ಕೋಣೆಯಲ್ಲಿ ಕೀ ಮೆಲ್ಲ ಒತ್ತಿ. ಬೆಳಕು ಕಂಡಲ್ಲಿ ಸೋರಿಕೆ. ಪ್ಯಾಡ್ ಬದಲಾಯಿಸುವುದು ಮಾತ್ರ ಬಿಸಿ ಅರಗಿನ ಕೆಲಸ, ಗೊತ್ತಿದ್ದವರಿಗೆ ಕೊಡಿ.

ಕೀ ತಿರುಗುವ ಸಂದಿಗೆ ಹೊಲಿಗೆ ಯಂತ್ರದ ಎಣ್ಣೆ, ಸೂಜಿ ತುದಿಯಲ್ಲಿ ಒಂದೇ ಹನಿ. ತೆಂಗಿನೆಣ್ಣೆ ಬೇಡವೇ ಬೇಡ. ಇನ್ನು ಮದುವೆ ಮನೆಯಲ್ಲಿ ಪಾಯಸ ಕುಡಿದು ನೇರ ಊದಲು ಕೂರಬೇಡಿ, ಬಾಯಿ ಮುಕ್ಕಳಿಸಿ. ನನ್ನ ಪ್ಯಾಡ್‌ಗಳು ಅಂಟುತ್ತಿದ್ದುದರಲ್ಲಿ ಮಳೆಗಿಂತ ಪಾಯಸದ ಪಾಲೇ ದೊಡ್ಡದು.