ಆ ಮಳೆ ಹವಾಮಾನ ಬದಲಾವಣೆಯಿಂದಲೇ ಬಂತು ಎಂದು ವಿಜ್ಞಾನಿಗಳು ಹೇಗೆ ಹೇಳುತ್ತಾರೆ?

ತಾತನ ಕಾಲದಲ್ಲೂ ಜಡಿಮಳೆ ಸುರಿಯುತ್ತಿರಲಿಲ್ಲವೇ, ಈಗೇಕೆ ಎಲ್ಲಕ್ಕೂ ಹವಾಮಾನ ಬದಲಾವಣೆಯ ಹೆಸರು ಎಂದು ಕೇಳಿದ್ದೀರಿ. ಸುರಿಯುತ್ತಿತ್ತು, ನಿಜ. ನಾನು ಬೆಳೆದದ್ದು ಕೊಡಗಿನ ಕಾಫಿ ತೋಟದಲ್ಲಿ. ಅಪ್ಪ ದಿನಾ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಂಚು–ಸೆಂಟುಗಳಲ್ಲಿ (ನೂರು ಸೆಂಟು ಅಂದರೆ ಒಂದು ಇಂಚು) ಬರೆದಿಡುತ್ತಿದ್ದ ಪುಸ್ತಕಗಳು ಇನ್ನೂ ಮನೆಯಲ್ಲಿವೆ. ಹಳೆಯ ಪುಟಗಳಲ್ಲೂ ಒಂದೇ ದಿನ ಏಳೆಂಟು ಇಂಚು ಬಿದ್ದದ್ದಿದೆ.

ಹಾಗಾಗಿಯೇ ವಿಜ್ಞಾನಿಗಳ ಪ್ರಶ್ನೆ ಬೇರೆ. ಭೂಮಿ ಬಿಸಿಯಾಗದೇ ಇದ್ದಿದ್ದರೆ ಇಂಥ ಮಳೆ ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು? ಬಂದರೂ ಎಷ್ಟು ಸುರಿಯುತ್ತಿತ್ತು? ದಶಕಗಳ ಅಳತೆಯಿಂದ ಅದು ಎಷ್ಟು ಅಪರೂಪದ್ದೆಂದು ಲೆಕ್ಕ ಹಾಕುತ್ತಾರೆ. ಬಳಿಕ ಕಂಪ್ಯೂಟರ್ ಮಾದರಿಗಳಲ್ಲಿ ಇಂದಿನ ಭೂಮಿಯನ್ನೂ, ಸುಮಾರು 1.3 ಡಿಗ್ರಿ ತಂಪಾಗಿದ್ದ ಹಿಂದಿನ ಭೂಮಿಯನ್ನೂ ಹೋಲಿಸುತ್ತಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು ಎಂಬ ಭೌತಶಾಸ್ತ್ರದ ನಿಯಮಕ್ಕೆ ಫಲಿತಾಂಶ ಹೊಂದುತ್ತದೆಯೇ ಎಂದೂ ನೋಡುತ್ತಾರೆ.

ನಮ್ಮ ಪಕ್ಕದ ವಯನಾಡನ್ನೇ ತೆಗೆದುಕೊಳ್ಳಿ. 2024ರ ಜುಲೈ 30ರಂದು ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳು ಕೊಚ್ಚಿಹೋಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದಿನ ಆ ಪ್ರದೇಶದಲ್ಲಿ ಬಿದ್ದದ್ದು ಸರಾಸರಿ 140 ಮಿಲಿಮೀಟರ್. ತಾಪಮಾನ ಏರಿಕೆಯಿಂದ ಮಳೆ ಸುಮಾರು ಶೇ 10ರಷ್ಟು ಹೆಚ್ಚಾಗಿತ್ತು ಎಂದು ಇಂಥ ಲೆಕ್ಕವನ್ನೇ ಮಾಡುವ ವಿಜ್ಞಾನಿಗಳ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಅಂದಾಜಿಸಿತು. ನಮ್ಮ ತೋಟದ ಲೆಕ್ಕದಲ್ಲಿ ಆ ಹೆಚ್ಚುವರಿ ಮಳೆ ಸುಮಾರು ಐವತ್ತು ಸೆಂಟು, ಅಂದರೆ ಅರ್ಧ ಇಂಚು. ಅಷ್ಟೇತಾನೇ ಎನ್ನಬೇಡಿ. ವಾರಗಟ್ಟಲೆ ನೆನೆದು ನೀರು ಕುಡಿದು ನಿಂತಿದ್ದ ಗುಡ್ಡದ ಮೇಲೆ ಬಿದ್ದ ಅರ್ಧ ಇಂಚು ಅದು. ಬಿಸಿಲಿನ ವಿಷಯದಲ್ಲಿ ಉತ್ತರ ಇನ್ನೂ ಖಚಿತ: 2022ರ ಮಾರ್ಚ್–ಏಪ್ರಿಲ್‌ನಲ್ಲಿ ಭಾರತ, ಪಾಕಿಸ್ತಾನಗಳನ್ನು ಸುಟ್ಟ ಬಿಸಿಗಾಳಿಯ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಸುಮಾರು 30 ಪಟ್ಟು ಹೆಚ್ಚಿತ್ತು.

ಆದರೆ ನನಗೆ ಈ ವಿಜ್ಞಾನದ ಮೇಲೆ ನಂಬಿಕೆ ಹುಟ್ಟಿಸಿದ್ದು 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದ ಅಧ್ಯಯನ. ಅಷ್ಟು ದೊಡ್ಡ ಅನಾಹುತದಲ್ಲೂ ಹವಾಮಾನ ಬದಲಾವಣೆಯ ಕೈವಾಡ ಕಾಣಿಸುತ್ತಿಲ್ಲ ಎಂದೇ ಆ ಅಧ್ಯಯನ ಮಾಡಿದ ವಿಜ್ಞಾನಿಗಳು ಬರೆದರು. ಹೌದು ಎನ್ನುವುದನ್ನು ಮೊದಲೇ ನಿರ್ಧರಿಸಿ ಕುಳಿತವರು ಹಾಗೆ ಬರೆಯುವುದಿಲ್ಲ.

ವಯನಾಡಿನ ಆ ಶೇ 10ರಲ್ಲೂ ಹೆಚ್ಚುಕಡಿಮೆ ಇರಬಹುದು. ಕಡಿದಾದ ಘಟ್ಟದ ಮಳೆಯನ್ನು ಮಾದರಿಗಳು ಚೆನ್ನಾಗಿ ಹಿಡಿಯಲಾರವು. ಒಂದು ಗುಡ್ಡ ದಾಟಿದರೆ ಮಳೆಯ ಲೆಕ್ಕವೇ ಬೇರೆ. ನಿಮ್ಮ ಮನೆಯಲ್ಲೂ ಹಿರಿಯರು ಬರೆದಿಟ್ಟ ಮಳೆಯ ಪುಸ್ತಕವಿದ್ದರೆ, ದಯವಿಟ್ಟು ಅದನ್ನು ರದ್ದಿಗೆ ಹಾಕಬೇಡಿ.