ಫೋಟೊದಲ್ಲಿ ಇರಬೇಕಾ, ಫೋಟೊ ಹಿಂದೆ ಇರಬೇಕಾ? ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದ ಯುವತಿಯ ವಯಸ್ಸು 24. ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ, ಬರೆಯುವುದಕ್ಕೆ ಆಕೆಯ ಒಪ್ಪಿಗೆಯೂ ಇದೆ. ಇಲ್ಲಿ ಆಕೆಯನ್ನು ಎಸ್ ಎಂದು ಕರೆಯುತ್ತೇನೆ.

ಎಸ್ ತಾನಾಗಿ ಬಂದವಳಲ್ಲ, ಅಕ್ಕ ಕರೆತಂದಿದ್ದು. ಅಕ್ಕನ ದೂರು ನೇರವಾಗಿತ್ತು: "ಮೇಡಂ, ಸಂಬಳ ಪೂರ್ತಿ ಬಟ್ಟೆಗೇ ಹೋಗುತ್ತೆ. ಈಗ ಕೆಲಸಾನೂ ಬಿಡ್ತೀನಿ ಅಂತಿದಾಳೆ." ಎಸ್ ದೂರು ಬೇರೆ: "ಫ್ಯಾಷನ್ ಅನ್ನೋದು ಒಂದು ಕೆಲಸ ಅಂತ ಮನೇಲಿ ಯಾರಿಗೂ ಅನ್ಸೋದೇ ಇಲ್ಲ." ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಅಕ್ಕನನ್ನು ಹೊರಗೆ ಕೂರಿಸಿ ಎಸ್ ಜೊತೆ ಮಾತು ಶುರು ಮಾಡಿದೆ.

ನಟಿಯರು ಏರ್‌ಪೋರ್ಟ್‌ನಲ್ಲಿ, ಪ್ರಶಸ್ತಿ ಸಮಾರಂಭದಲ್ಲಿ ಹಾಕಿದ ಉಡುಪಿನ ಫೋಟೊ ನೋಡುವುದು, ಅದೇ ಥರದ್ದನ್ನು ಕಡಿಮೆ ಬೆಲೆಗೆ ಹುಡುಕಿ ಕೊಳ್ಳುವುದು, ಹಾಕಿಕೊಂಡು ಫೋಟೊ ತೆಗೆದು ಸೋಷಿಯಲ್ ಮೀಡಿಯಾದಲ್ಲಿ ಹಾಕುವುದು. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇದೇ ಕೆಲಸ. ಒಮ್ಮೆ ಫೋಟೊದಲ್ಲಿ ಬಂದ ಬಟ್ಟೆಯನ್ನು ಮತ್ತೆ ಹಾಕುವಂತಿಲ್ಲ. ಕ್ರೆಡಿಟ್ ಕಾರ್ಡ್‌ನಲ್ಲಿ ಪ್ರತಿ ತಿಂಗಳು ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಿದ್ದಳು. ಲೆಕ್ಕಪತ್ರದವಳಿಗೆ ಇದರ ಬಡ್ಡಿ ಎಷ್ಟು ಎಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಸ್ಟೇಟ್‌ಮೆಂಟ್ ತೆರೆದು ನೋಡುವುದನ್ನೇ ನಿಲ್ಲಿಸಿದ್ದಳು. ಲೈಕ್ ಕಡಿಮೆ ಬಂದ ದಿನ ಮಧ್ಯಾಹ್ನದವರೆಗೂ ಮನಸ್ಸು ಕೆಲಸಕ್ಕೆ ಬರುತ್ತಿರಲಿಲ್ಲ.

ಇಂಥ ಪ್ರಕರಣದಲ್ಲಿ ಊಟ, ನಿದ್ದೆಯ ಬಗ್ಗೆ ಮೊದಲ ಭೇಟಿಯಲ್ಲೇ ಕೇಳುತ್ತೇನೆ. ಫೋಟೊ ತೆಗೆಯುವ ಹಿಂದಿನ ರಾತ್ರಿ ಕೆಲವೊಮ್ಮೆ ಊಟ ಬಿಡುತ್ತಿದ್ದಳು. ತೂಕ ವಿಪರೀತ ಇಳಿದಿರಲಿಲ್ಲ, ತಿಂದದ್ದನ್ನು ವಾಂತಿ ಮಾಡುವ ಅಭ್ಯಾಸ ಇರಲಿಲ್ಲ. ಆದರೂ ಇದು ಹೆಚ್ಚಾದರೆ ವೈದ್ಯರ ಬಳಿ ಕಳಿಸುತ್ತೇನೆ, ಆಗ ಬೇಡ ಅನ್ನಬಾರದು ಎಂದು ಮೊದಲೇ ಮಾತು ತೆಗೆದುಕೊಂಡೆ.

ಸಾಲದ ವಿಷಯ ಬೇಗ ಮುಗಿಯಿತು. ಕಾರ್ಡನ್ನು ಶಾಪಿಂಗ್ ಆ್ಯಪ್‌ಗಳಿಂದ ತೆಗೆಯುವುದು, ಪೂರ್ತಿ ಬಾಕಿ ಎಷ್ಟು ಎಂದು ನನ್ನ ಮುಂದೆಯೇ ನೋಡುವುದು, ಸಂಬಳ ಬಂದ ದಿನವೇ ಒಂದು ದೊಡ್ಡ ಭಾಗ ಕಟ್ಟುವುದು. ಆಕೆಯೇ ಒಂದು ಪಟ್ಟಿ ಹಾಕಿದಳು, ನನಗಿಂತ ಚೆನ್ನಾಗಿಯೇ ಹಾಕಿದಳು. ಗಟ್ಟಿಯಾಗಿ ಕೂತಿದ್ದು ಇನ್ನೊಂದು ಗಂಟು: "ಅವರೆಲ್ಲ ಅಷ್ಟು ಸಲೀಸಾಗಿ ಚೆಂದ ಕಾಣ್ತಾರೆ. ನಾನು ಇಷ್ಟು ಒದ್ದಾಡಿದ್ರೂ ಆಗಲ್ಲ."

ಮುಂದಿನ ಸಲ ನಿಮ್ಮ ಹೊಟ್ಟೆ ಉರಿಸುವ ಒಂದೇ ಒಂದು ಫೋಟೊ ತನ್ನಿ ಎಂದೆ. ಕೆಂಪು ಹಾಸಿನ ಮೇಲೆ ನಿಂತ ನಟಿಯ ಫೋಟೊ ತಂದಳು. ಹಾಳೆ ಕೊಟ್ಟು ಕೇಳಿದೆ: "ಈ ಫೋಟೊ ಆಗೋಕೆ ಎಷ್ಟು ಜನ ಕೆಲಸ ಮಾಡಿದಾರೆ? ಬರೀರಿ." ಮೊದಲಿಗೆ ಡಿಸೈನರ್, ಮೇಕಪ್, ಕೂದಲು ಎಂದು ಬರೆದು ನಿಲ್ಲಿಸಿದಳು. ಆಮೇಲೆ ಇಬ್ಬರೂ ಕೂತು ಬೆಳೆಸಿದೆವು. ಯಾವ ಉಡುಪು ಎಂದು ಆರಿಸಿದ ಸ್ಟೈಲಿಸ್ಟ್. ಶೋರೂಮ್‌ನಿಂದ ಅದನ್ನು ಎರವಲು ತಂದ ಸಹಾಯಕಿ. ಕೊಡುವುದೋ ಬೇಡವೋ ಎಂದು ತೀರ್ಮಾನಿಸಿದ, ಬ್ರ್ಯಾಂಡಿನ ಪ್ರಚಾರ ನೋಡಿಕೊಳ್ಳುವ ಪಿಆರ್. ಪ್ಯಾಟರ್ನ್, ಅಂದರೆ ಉಡುಪಿನ ಅಳತೆಯ ಅಚ್ಚು ಕತ್ತರಿಸಿದವರು. ಕಸೂತಿ ಹಾಕಿದವರು. ಆಕೆಯ ಅಳತೆಗೆ ಕೊನೇ ಗಳಿಗೆಯಲ್ಲಿ ಬಿಗಿ ಮಾಡಿದ ಟೇಲರ್. ಇಸ್ತ್ರಿ, ಸ್ಟೀಮ್. ಬಟ್ಟೆ ಜಾರದಂತೆ ಒಳಗೆ ಅಂಟಿಸಿದ ಎರಡು ಬದಿಯ ಟೇಪ್. ಬೆಳಕು, ಫೋಟೊಗ್ರಾಫರ್, ಎಡಿಟಿಂಗ್. ಎಷ್ಟೋ ಸಲ ಆ ಉಡುಪು ಮರುದಿನ ವಾಪಸ್ ಹೋಗುತ್ತದೆ, ಒಡವೆ ಅದೇ ರಾತ್ರಿ ಹೋಗುತ್ತದೆ. ಕೊಂಡಿದ್ದೇ ಇಲ್ಲ!

2022ರ ಮೆಟ್ ಗಾಲಾದ ವಿಷಯ ಎಸ್‌ಗೇ ನೆನಪಾಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ತಾರೆಯರು ಸೇರುವ ಫ್ಯಾಷನ್ ಸಮಾರಂಭ ಅದು. ಮರ್ಲಿನ್ ಮನ್ರೋ 1962ರಲ್ಲಿ ತೊಟ್ಟ ಉಡುಪನ್ನು ಅಮೆರಿಕದ ಟಿವಿ ತಾರೆ ಕಿಮ್ ಕರ್ದಾಶಿಯನ್ ಹಾಕಿದ್ದರು. ಅದು ಮೈಗೆ ಸರಿಹೊಂದಲೆಂದು ಕೆಲವೇ ವಾರಗಳಲ್ಲಿ ತೂಕ ಇಳಿಸಿದೆ ಎಂದು ಅವರೇ ಹೇಳಿಕೊಂಡರು. ಅದಕ್ಕೆ ಟೀಕೆಯೂ ಬಂತು. ಅಸಲಿ ಉಡುಪು ಮೈಮೇಲಿದ್ದದ್ದು ಕೆಲವೇ ನಿಮಿಷ. ಮೆಟ್ಟಿಲು ಹತ್ತಿ ಮುಗಿದ ಮೇಲೆ ಅದರ ನಕಲು ಪ್ರತಿಗೆ ಬದಲಾಯಿಸಿಕೊಂಡರು. "ನಿಮಗೆ ಆ ನಿಮಿಷಗಳ ಫೋಟೊ ಕಾಣುತ್ತೆ. ಅದನ್ನ ನಿಮ್ಮ ಇಡೀ ಸೋಮವಾರದ ಜೊತೆ ಹೋಲಿಸ್ಕೋತೀರಿ," ಎಂದೆ. ಎಸ್ ನಕ್ಕಳು. ಆಮೇಲೆ ಸುಮಾರು ಹೊತ್ತು ಆ ಪಟ್ಟಿಯನ್ನೇ ನೋಡುತ್ತಿದ್ದಳು. "ಮೇಡಂ, ಇಷ್ಟೊಂದು ಕೆಲಸಗಳು ಇವೆಯಾ?"

ಆ ಪ್ರಶ್ನೆ ಬಂದಾಗ ನನಗೆ ಸಮಾಧಾನವಾಯಿತು. ಹೊಟ್ಟೆಕಿಚ್ಚಿನ ಪಟ್ಟಿ ಉದ್ಯೋಗದ ಪಟ್ಟಿ ಆಗಿತ್ತು.

ಆದರೆ ಮುಂಚೆ ಕೇಳಬೇಕಿದ್ದ ಪ್ರಶ್ನೆ ಒಂದಿತ್ತು. ಎಸ್‌ಗೆ ಇಷ್ಟ ಇರುವುದು ಬಟ್ಟೆಯೋ, ತನ್ನನ್ನು ಜನ ನೋಡುವುದೋ? ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಎರಡೂ ಬೇರೆ ಬೇರೆ ಉದ್ಯೋಗಕ್ಕೆ ಕರೆದೊಯ್ಯುತ್ತವೆ. ಇದನ್ನು ಕೇಳಿ ತಿಳಿಯಲು ಆಗುವುದಿಲ್ಲ, ಯಾರೂ "ನನ್ನನ್ನು ನೋಡಲಿ ಅಂತಾನೇ" ಎಂದು ಹೇಳುವುದಿಲ್ಲ ಅಲ್ವಾ? ಅದಕ್ಕೆ ಒಂದು ಕೆಲಸ ಕೊಟ್ಟೆ.

ಬಿಲ್ ಕನಿಂಗ್‌ಹ್ಯಾಮ್ ಬಗ್ಗೆ ಹೇಳಿದೆ. ರಸ್ತೆಯಲ್ಲಿ ನಡೆಯುವವರ ಉಡುಪಿನ ಫೋಟೊಗಳನ್ನು ನ್ಯೂಯಾರ್ಕ್ ಟೈಮ್ಸ್‌ಗಾಗಿ ದಶಕಗಳ ಕಾಲ ತೆಗೆದವರು, 2016ರಲ್ಲಿ ತೀರಿಕೊಂಡರು. ಮೊದಲು ಟೋಪಿ ತಯಾರಿಸುತ್ತಿದ್ದವರು. ಸೈಕಲ್ ಮೇಲೆ ಊರೆಲ್ಲ ಸುತ್ತುತ್ತಿದ್ದರು, ಮೈಮೇಲೆ ಯಾವಾಗಲೂ ಕೆಲಸಗಾರರು ತೊಡುವಂಥ ಅದೇ ನೀಲಿ ಜಾಕೆಟ್. ಯಾರೋ ಪುಕ್ಕಟೆ ಕೊಟ್ಟ ಉಡುಪು ತೊಟ್ಟ ತಾರೆಯರಿಗಿಂತ, ತಮ್ಮದೇ ಬಟ್ಟೆಯನ್ನು ತಮ್ಮದೇ ರೀತಿಯಲ್ಲಿ ಹಾಕಿದವರ ಮೇಲೆ ಅವರ ಕಣ್ಣು. ಬೀದಿ ಉಡುಪಿನ ಬಗ್ಗೆ ಅಷ್ಟು ಹೆಸರು ಮಾಡಿದ ಮನುಷ್ಯ ತನ್ನ ಫೋಟೊ ತೆಗೆದುಕೊಂಡು ಹೆಸರು ಮಾಡಿದ್ದಲ್ಲ.

ಅಂದ ಮಾತ್ರಕ್ಕೆ ಬೀದಿ ಫ್ಯಾಷನ್ ಎಲ್ಲವೂ ಈಗ ಬೀದಿಯದ್ದೇ ಎಂದು ನಂಬಬೇಡಿ ಎಂದೂ ಹೇಳಿದೆ. ಪ್ಯಾರಿಸ್, ಮಿಲಾನ್, ಲಂಡನ್, ನ್ಯೂಯಾರ್ಕ್ ಫ್ಯಾಷನ್ ವೀಕ್‌ಗಳ ಹೊರಗೆ ಸುಮ್ನೆ ನಡೆದು ಹೋದಂತೆ ಕಾಣುವ ಕೆಲವರು ಬ್ರ್ಯಾಂಡ್ ಕೊಟ್ಟ ಬಟ್ಟೆ ಹಾಕಿರುತ್ತಾರೆ. ದಿನಕ್ಕೆ ಹಲವು ಸಲ ಬದಲಿಸುವವರೂ ಇದ್ದಾರೆ. ಹಣ ಪಡೆದು ಹಾಕಿದ ಪೋಸ್ಟ್ ಆದರೆ ಅದನ್ನು ಹೇಳಬೇಕು ಎಂಬ ನಿಯಮ ಅನೇಕ ದೇಶಗಳಲ್ಲಿದೆ. ಪಾಲಿಸುವವರು ಎಷ್ಟು ಎಂಬುದು ಬೇರೆ ಮಾತು.

ಕೊಟ್ಟ ಕೆಲಸ ಇಷ್ಟು: ಎರಡು ವಾರ ತನ್ನ ಫೋಟೊ ಹಾಕಬಾರದು. ದಿನಾ ಒಬ್ಬರ ಉಡುಪು ಗಮನಿಸಿ ನಾಲ್ಕು ಸಾಲು ಬರೆಯಬೇಕು. ಫೋಟೊ ಬೇಕಿದ್ದರೆ ಅವರನ್ನು ಕೇಳಿಯೇ ತೆಗೆಯಬೇಕು. "ಚೆನ್ನಾಗಿದೆ", "ಸೂಪರ್" ಎಂಬ ಮಾತು ಬರೆಯುವಂತಿಲ್ಲ. ಭುಜದ ಹೊಲಿಗೆ ಎಲ್ಲಿ ಕೂತಿದೆ, ಬಟ್ಟೆ ಹೇಗೆ ಇಳಿದಿದೆ, ಯಾವ ಬಣ್ಣದ ಪಕ್ಕ ಯಾವುದಿದೆ, ಇಂಥದ್ದು.

ಮೊದಲ ವಾರ ಒದ್ದಾಡಿದಳು. ಫೋನ್ ಕೈಗೆತ್ತಿ ಇಡುವುದೇ ಒಂದು ಕೆಲಸ ಆಯಿತಂತೆ. ಎರಡನೇ ವಾರದ ಟಿಪ್ಪಣಿ ಓದಿ ನಾನೇ ಬೆರಗಾದೆ. ಸಹೋದ್ಯೋಗಿಯ ಕೋಟು ಬೆಲೆಬಾಳುವಂತೆ ಕಾಣುವುದಕ್ಕೆ ಬಟ್ಟೆ ಕಾರಣವಲ್ಲ, ತೋಳಿನ ಉದ್ದ ಸರಿ ಮಾಡಿಸಿದ್ದಾರೆ ಎಂದು ಬರೆದಿದ್ದಳು. ಇನ್ನೊಂದು ಕಡೆ, ಒಂದೇ ಅಂಗಿಯನ್ನು ವಾರದಲ್ಲಿ ಮೂರು ರೀತಿ ಹಾಕಿದವರ ಬಗ್ಗೆ. ನಿಜ ಹೇಳಬೇಕೆಂದರೆ ಇಷ್ಟು ಚೆನ್ನಾಗಿ ನೋಡುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಅದನ್ನು ಆಕೆಗೂ ಹೇಳಿದೆ. ಸುಳ್ಳು ಹೊಗಳಿಕೆ ಕೊಡಬಾರದು ಎಂದು ನಮಗೆ ಕಲಿಸುತ್ತಾರೆ. ನಿಜವಾದದ್ದನ್ನು ಬಚ್ಚಿಡಬೇಕು ಎಂದು ಯಾರೂ ಹೇಳಿಲ್ಲ.

ಇಷ್ಟಾದ ಮೇಲೆ ಎಸ್‌ಗೆ ರೆಕ್ಕೆ ಬಂತು. ನಾಳೆಯೇ ರಾಜೀನಾಮೆ! "ವರ್ಜಿಲ್ ಅಬ್ಲೋ ಕೂಡ ಫ್ಯಾಷನ್ ಓದಿರಲಿಲ್ಲ ಮೇಡಂ," ಎಂದಳು. ಹೌದು. ಅಮೆರಿಕದ ಆ ಡಿಸೈನರ್ ಓದಿದ್ದು ಸಿವಿಲ್ ಇಂಜಿನಿಯರಿಂಗ್, ಆಮೇಲೆ ಆರ್ಕಿಟೆಕ್ಚರ್. 2018ರಲ್ಲಿ ಫ್ರಾನ್ಸಿನ ದೊಡ್ಡ ಬ್ರ್ಯಾಂಡ್ ಲೂಯಿ ವಿಟಾನ್‌ನ ಪುರುಷರ ಉಡುಪು ವಿಭಾಗದ ವಿನ್ಯಾಸ ಮುಖ್ಯಸ್ಥರಾದರು. ಆದರೆ ನಡುವಿನ ವರ್ಷಗಳನ್ನೂ ಓದಿ ಎಂದೆ. 2009ರಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಫೆಂಡಿಯಲ್ಲಿ ಇಂಟರ್ನ್ ಆಗಿದ್ದರು, 2013ರಲ್ಲಿ ಆಫ್-ವೈಟ್ ಎಂಬ ತಮ್ಮದೇ ಬ್ರ್ಯಾಂಡ್ ಶುರು ಮಾಡಿದರು. ಓದಿಲ್ಲದಿದ್ದರೂ ನಡೆಯುತ್ತದೆ ಎಂಬುದಕ್ಕೆ ಅವರು ಉದಾಹರಣೆ. ಕಲಿಯದೆ ನಡೆಯುತ್ತದೆ ಎಂಬುದಕ್ಕೆ ಅಲ್ಲ.

ಇಷ್ಟದ ಕೆಲಸ ಹಿಡಿ, ದುಡ್ಡು ತಾನಾಗಿ ಬರುತ್ತೆ ಎಂಬ ಸಲಹೆಯನ್ನು ನಾನು ಯಾರಿಗೂ ಕೊಡುವುದಿಲ್ಲ. ಸಾಲ ಇಲ್ಲದವರು ಆರಾಮಾಗಿ ಹೇಳುವ ಮಾತು ಅದು. ಎಸ್‌ಗೆ ಹೇಳಿದ್ದು: ಕೆಲಸದಲ್ಲಿದ್ದುಕೊಂಡೇ ಎರಡು ಮೂರು ಬಾಗಿಲು ತಟ್ಟಿ ನೋಡಿ. ಸ್ಟೈಲಿಸ್ಟ್ ಸಹಾಯಕಿಯಾಗಿ ವಾರಾಂತ್ಯದ ಕೆಲಸ, ಪ್ಯಾಟರ್ನ್ ತರಗತಿ, ಹಾಗೂ ಬೈಯರ್ ಅಥವಾ ಮರ್ಚಂಡೈಸರ್ ಆಗಿರುವ ಒಬ್ಬರ ಜೊತೆ ಅರ್ಧ ಗಂಟೆ ಮಾತು. ಕೊನೆಯದ್ದನ್ನು ಒತ್ತಿ ಹೇಳಲು ಕಾರಣವಿತ್ತು. ಯಾವ ಬಟ್ಟೆ ಎಷ್ಟು ತರಿಸಬೇಕು, ಯಾವ ಅಳತೆಯಲ್ಲಿ, ಎಷ್ಟಕ್ಕೆ ಮಾರಿದರೆ ಲಾಭ, ಮಾರಾಟವಾಗದೆ ಉಳಿದದ್ದನ್ನು ಏನು ಮಾಡಬೇಕು ಎಂಬುದೇ ಅವರ ದಿನವಿಡೀ ಕೆಲಸ. ಬಟ್ಟೆ ನೋಡುವ ಕಣ್ಣು, ಲೆಕ್ಕ ಎರಡೂ ಗೊತ್ತಿರುವವರು ಜಾಸ್ತಿ ಸಿಗುವುದಿಲ್ಲ. ಎಸ್ ತನ್ನ ಲೆಕ್ಕಪತ್ರದ ವರ್ಷಗಳನ್ನು ದಂಡ ಎಂದುಕೊಂಡಿದ್ದಳು.

ಸಂಬಳವಿಲ್ಲದ ಕೆಲಸದ ಬಗ್ಗೆ ಎಚ್ಚರಿಕೆಯನ್ನೂ ಕೊಟ್ಟೆ. "ಹೆಸರು ಬರುತ್ತೆ, ದುಡ್ಡು ಇಲ್ಲ" ಎಂಬುದು ಈ ಕ್ಷೇತ್ರದ ಹಳೇ ರೋಗ. 2013ರಲ್ಲಿ ಅಮೆರಿಕದಲ್ಲಿ, ವೋಗ್ ಪತ್ರಿಕೆ ಹೊರತರುವ ಕಾಂಡೆ ನಾಸ್ಟ್‌ನ ಮಾಜಿ ಇಂಟರ್ನ್‌ಗಳು ಕೂಲಿಗಾಗಿ ಕೋರ್ಟಿಗೆ ಹೋದರು. ಸಂಸ್ಥೆ ಆ ವರ್ಷವೇ ಇಂಟರ್ನ್ ಕಾರ್ಯಕ್ರಮ ನಿಲ್ಲಿಸಿತು, ಮರುವರ್ಷ 58 ಲಕ್ಷ ಡಾಲರ್‌ಗೆ ರಾಜಿಯಾಯಿತು. ಅಷ್ಟು ದೊಡ್ಡವರ ಕಥೆಯೇ ಹೀಗೆ. ಹಾಗಾಗಿ ಒಪ್ಪಿಕೊಳ್ಳುವ ಮುಂಚೆ ಕೇಳಬೇಕು: ಎಷ್ಟು ಗಂಟೆ, ಓಡಾಟದ ಖರ್ಚು ಯಾರದು, ಯಾವತ್ತಿಗೆ ಮುಗಿಯುತ್ತೆ, ನನ್ನ ಹೆಸರು ಎಲ್ಲಿ ಬರುತ್ತೆ, ವಸ್ತು ಹಾಳಾದರೆ ಹೊಣೆ ಯಾರು. ಉತ್ತರ ಮೆಸೇಜಿನಲ್ಲಾದರೂ ಬರಹದಲ್ಲಿ ಇರಬೇಕು.

ಮುಂದಿನ ತಿಂಗಳುಗಳಲ್ಲಿ ಎಲ್ಲವೂ ನಾನು ಎಣಿಸಿದಂತೆ ಆಗಲಿಲ್ಲ. ಪ್ಯಾಟರ್ನ್ ತರಗತಿ ಆಕೆಗೆ ಬೇಸರ ತಂದಿತು, ನಡುವೆಯೇ ಬಿಟ್ಟಳು. ಮರ್ಚಂಡೈಸರ್ ಒಬ್ಬರ ಜೊತೆ ಮಾತಾಡಿ ಬಂದಳು, ಅದೂ ಅಷ್ಟೇನೂ ಹಿಡಿಸಲಿಲ್ಲ. ಸ್ಟೈಲಿಸ್ಟ್ ಸಹಾಯಕಿ ಕೆಲಸ ಮಾತ್ರ ಹಿಡಿಸಿತು. ಅದರಲ್ಲಿ ಮಿನುಗುವುದು ಏನೂ ಇಲ್ಲ. ಚೀಲ ಹೊರುವುದು, ಬಟ್ಟೆಗೆ ಸ್ಟೀಮ್ ಹಿಡಿಯುವುದು, ಎರವಲು ಶೂ ಸವೆಯದಿರಲೆಂದು ಅಡಿಗೆ ಟೇಪ್ ಅಂಟಿಸುವುದು, ಯಾವ ಶೋರೂಮ್‌ನದ್ದು ಯಾವುದು ಎಂದು ಬರೆದಿಟ್ಟು ಸರಿಯಾಗಿ ಹಿಂತಿರುಗಿಸುವುದು. ಈ ಕೊನೆಯ ಕೆಲಸಕ್ಕೆ ಎಸ್ ಒಂದು ಎಕ್ಸೆಲ್ ಶೀಟ್ ಮಾಡಿದಳು. ಅಲ್ಲಿಂದ ಆಕೆಯನ್ನು ಬಿಟ್ಟು ಸ್ಟೈಲಿಸ್ಟ್‌ಗೆ ನಡೆಯದಂತಾಯಿತು.

ಅಪ್ಪನನ್ನೂ ಅಕ್ಕನನ್ನೂ ಒಂದು ಸಲ ಒಟ್ಟಿಗೆ ಕೂರಿಸಿದೆ. ಫ್ಯಾಷನ್ ಒಳ್ಳೆಯದೋ ಕೆಟ್ಟದ್ದೋ ಎಂಬ ವಾದಕ್ಕೆ ಅವಕಾಶ ಕೊಡಲಿಲ್ಲ, ಅದು ಮುಗಿಯುವ ವಾದವಲ್ಲ. "ನಿಮಗೆ ಯಾವುದರ ಭಯ?" ಎಂದಷ್ಟೇ ಕೇಳಿದೆ. ಅಪ್ಪ ಹೇಳಿದರು, ಸಾಲ. ಎಸ್ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಮೇಜಿನ ಮೇಲಿಟ್ಟಳು. ಬಾಕಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅವರು ಒಪ್ಪಿದರು ಎಂದು ಹೇಳಲಾರೆ, ಆದರೆ ಕೆಲಸ ಬಿಡಲು ಮೂರು ಷರತ್ತು ಎಲ್ಲರೂ ಸೇರಿ ಬರೆದೆವು. ಕಾರ್ಡಿನ ಬಾಕಿ ಸೊನ್ನೆ ಆಗಬೇಕು. ಆರು ತಿಂಗಳ ಖರ್ಚು ಕೈಯಲ್ಲಿರಬೇಕು. ಫ್ಯಾಷನ್ ಕೆಲಸದಿಂದ ಬಿಡದೆ ಮೂರು ತಿಂಗಳು ಹಣ ಬಂದಿರಬೇಕು, ಎಷ್ಟೇ ಚಿಕ್ಕದಾಗಲಿ.

ತನ್ನ ಫೋಟೊ ಹಾಕುವುದನ್ನು ಎಸ್ ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಿಲ್ಲ. ಈಗ ಅದೇ ಬಟ್ಟೆ ಮತ್ತೆ ಮತ್ತೆ ಬರುತ್ತದೆ. ಊಟ ಬಿಡುವುದು ನಿಂತಿದೆ ಎಂದು ಆಕೆ ಹೇಳುತ್ತಾಳೆ, ಅಕ್ಕನೂ ಹೌದು ಎನ್ನುತ್ತಾಳೆ. ಪ್ರತಿ ಭೇಟಿಯಲ್ಲೂ ಕೇಳುವುದನ್ನು ನಾನು ಬಿಟ್ಟಿಲ್ಲ.

ಕಳೆದ ಭೇಟಿಯ ವಿಷಯ: ಸ್ಟೈಲಿಸ್ಟ್ ಹೊರಗಿನ ಊರಿನ ಶೂಟಿಂಗ್‌ಗೆ ಕರೆದಿದ್ದಾರೆ, ಆ ದಿನಗಳು ಸರಿಯಾಗಿ ಆಫೀಸಿನ ವರ್ಷಾಂತ್ಯದ ಲೆಕ್ಕದ ಜೊತೆ ಬಂದು ಬಿದ್ದಿವೆ. ರಜೆ ಕೇಳುವ ಮುಂಚೆ ಸಂಬಳ ಎಷ್ಟು ಎಂದು ಬರಹದಲ್ಲಿ ಕೇಳಿ ಎಂದೆ. ಕೇಳಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.